ತಾರಾ ಆಟಗಾರನೂ ತಂಡವೂ: ಕಾಲ್ಚೆಂಡಿನ ಒಂದು ವಾದದ ಐತಿಹಾಸಿಕ ವಿವೇಚನೆ

೧

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಗಳ ನಡುವೆ ೨೦೨೫ನೆಯ ವರ್ಷದಲ್ಲಿ ಒಂದು ವಾದವು ಬಹುಕಾಲ ನಡೆಯಿತು. ನಿವೃತ್ತಿಯನ್ನು ಘೋಷಿಸಿದ್ದ ಸುನಿಲ್ ಛೇತ್ರಿಯವರು ತಮ್ಮ ನಲವತ್ತನೆಯ ವಯಸ್ಸಿನಲ್ಲಿ ಭಾರತದ ಕಾಲ್ಚೆಂಡು ತಂಡಕ್ಕೆ ಮರಳಿದುದು ಯುಕ್ತವೇ, ಅಯುಕ್ತವೇ ಎಂಬುದೇ ಆ ವಾದದ ವಿಷಯ. ಒಂದು ಪಕ್ಷದವರು, ಗೋಲು ಹೊಡೆಯಬಲ್ಲವನು ಅವನೊಬ್ಬನೇ ಆಗಿರುವಾಗ ಅವನನ್ನು ಬಿಟ್ಟು ಆಡುವುದು ಮೂರ್ಖತನವೆಂದರು. ಇನ್ನೊಂದು ಪಕ್ಷದವರು, ಹಿರಿಯನು ಸ್ಥಾನವನ್ನು ತೆರವು ಮಾಡದ ಹೊರತು ಕಿರಿಯನು ಬೆಳೆಯುವುದಿಲ್ಲವೆಂದರು. ಎರಡೂ ಪಕ್ಷಗಳಲ್ಲಿ ಉತ್ಸಾಹಕ್ಕೆ ಕೊರತೆಯಿರಲಿಲ್ಲ. ಆಧಾರಕ್ಕೆ ಮಾತ್ರ ಕೊರತೆಯಿತ್ತು.

ಇತಿಹಾಸ ವಿಭಾಗದ ಸಂಚಿಕೆಯಲ್ಲಿ ಕಾಲ್ಚೆಂಡಾಟದ ವಿಚಾರಕ್ಕೆ ಎಡೆಯುಂಟೇ ಎಂದು ಕೆಲವರು ಕೇಳಬಹುದು. ಜನರು ಒಬ್ಬ ವೀರನ ಸುತ್ತ ತಮ್ಮ ಆಸೆಗಳನ್ನೂ ನಿರಾಶೆಗಳನ್ನೂ ಹೆಣೆಯುವ ಬಗೆ ಇತಿಹಾಸಕಾರನಿಗೆ ಹೊಸತಲ್ಲ. ಅರಸರ ವಿಷಯದಲ್ಲಿಯೂ ದಂಡನಾಯಕರ ವಿಷಯದಲ್ಲಿಯೂ ನಾವು ದಿನವೂ ಎದುರಿಸುವ ಪ್ರಶ್ನೆಯೇ ಇದು: ಫಲಿತಾಂಶವನ್ನು ನಿರ್ಣಯಿಸಿದುದು ವ್ಯಕ್ತಿಯೇ, ಅವನನ್ನು ಒಳಗೊಂಡ ವ್ಯವಸ್ಥೆಯೇ? ಪ್ರಸ್ತುತ ಲೇಖನದಲ್ಲಿ ಈ ವಾದವನ್ನು ಅದರ ಹಿಂದಿನ ಮುಕ್ಕಾಲು ಶತಮಾನದ ಸಂಗತಿಗಳೊಡನೆ ಇಟ್ಟು ನೋಡುವ ಪ್ರಯತ್ನ ಮಾಡಲಾಗಿದೆ.

೨

ಮೊದಲು ಪ್ರಕೃತ ಪ್ರಸಂಗದ ಸಂಗತಿಗಳನ್ನು ಕ್ರಮವಾಗಿ ಹೇಳುವುದು ಅವಶ್ಯಕ. ೧೯೮೪ರಲ್ಲಿ ಸಿಕಂದರಾಬಾದಿನಲ್ಲಿ ಜನಿಸಿದ ಛೇತ್ರಿಯವರು ೨೦೦೫ರ ಜೂನ್ ತಿಂಗಳಿನಲ್ಲಿ ಕ್ವೆಟ್ಟಾದಲ್ಲಿ ಪಾಕಿಸ್ತಾನದ ವಿರುದ್ಧ ಭಾರತದ ಪರವಾಗಿ ಮೊದಲ ಪಂದ್ಯವನ್ನಾಡಿ, ಆ ಪಂದ್ಯದಲ್ಲಿಯೇ ಗೋಲು ಗಳಿಸಿದರು. ೨೦೧೩ರಲ್ಲಿ ಬೆಂಗಳೂರು ಎಫ್‌.ಸಿ. ತಂಡವು ಸ್ಥಾಪಿತವಾದಾಗ ಅದನ್ನು ಸೇರಿದರು. ಕರ್ನಾಟಕದ ಯುವಕರು ಅವರನ್ನು ತಮ್ಮವರೆಂದು ಭಾವಿಸತೊಡಗಿದುದು ಅಂದಿನಿಂದ. ಕಂಠೀರವ ಕ್ರೀಡಾಂಗಣದ ಪಶ್ಚಿಮದ ಮೆಟ್ಟಿಲುಗಳಲ್ಲಿ ನಿಂತು ತೊಂಬತ್ತು ನಿಮಿಷವೂ ಹಾಡುವ ಅಭಿಮಾನಿಗಳ ಕೂಟವೊಂದು ಬೆಳೆಯಿತು. ಕಾಲ್ಚೆಂಡಿನ ಪರಿಚಯವೇ ವಿರಳವಾಗಿದ್ದ ನಮ್ಮ ಭಾಗದ ಹಳ್ಳಿಗಳಿಗೂ ದೂರದರ್ಶನದ ಮೂಲಕ ಆ ಹೆಸರು ತಲುಪಿತು.

೨೦೧೮ರ ಜೂನಿನಲ್ಲಿ ಮುಂಬಯಿಯಲ್ಲಿ ಭಾರತವು ಚೈನೀಸ್ ತೈಪೆಯನ್ನು ೫-೦ ಗೋಲುಗಳಿಂದ ಸೋಲಿಸಿದಾಗ ನೋಡಲು ಬಂದವರು ಸುಮಾರು ಎರಡೂವರೆ ಸಾವಿರ ಮಂದಿ ಮಾತ್ರ. ಕ್ರೀಡಾಂಗಣಕ್ಕೆ ಬನ್ನಿ, ಬೇಕಾದರೆ ಬೈಯಿರಿ, ಆದರೆ ಬನ್ನಿ ಎಂಬ ಅರ್ಥದ ಮನವಿಯನ್ನು ಛೇತ್ರಿಯವರು ಮಾಡಿದ ಬಳಿಕ ಕೀನ್ಯದ ವಿರುದ್ಧದ ಮುಂದಿನ ಪಂದ್ಯಕ್ಕೆ ಟಿಕೆಟುಗಳೆಲ್ಲ ಮಾರಾಟವಾದವು. ಒಬ್ಬ ಆಟಗಾರನ ಮಾತಿಗೆ ಕ್ರೀಡಾಂಗಣವೇ ತುಂಬಿತು. ಒಂದು ಕ್ರೀಡೆಯ ಜನಾದರವೆಲ್ಲವೂ ಒಬ್ಬನ ಹೆಸರಿಗೆ ಗಂಟುಬಿದ್ದಿತ್ತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಡ.

೨೦೨೪ರ ಜೂನ್ ೬ರಂದು ಕಲಕತ್ತೆಯಲ್ಲಿ ಕುವೈತಿನ ವಿರುದ್ಧದ ವಿಶ್ವಕಪ್ ಅರ್ಹತಾ ಪಂದ್ಯವು ಗೋಲಿಲ್ಲದೆ ಸಮನಾಯಿತು. ಆ ಪಂದ್ಯದೊಡನೆ ಛೇತ್ರಿಯವರು ೯೪ ಗೋಲುಗಳ ಲೆಕ್ಕದೊಂದಿಗೆ ಅಂತರರಾಷ್ಟ್ರೀಯ ಆಟದಿಂದ ನಿವೃತ್ತರಾದರು. ಒಂಬತ್ತು ತಿಂಗಳು ಕಳೆದ ಮೇಲೆ, ೨೦೨೫ರ ಮಾರ್ಚಿನಲ್ಲಿ, ಅವರು ಮರಳುವ ಸುದ್ದಿ ಬಂದಿತು. ಅದೇ ತಿಂಗಳು ೧೯ರಂದು ಶಿಲ್ಲಾಂಗಿನಲ್ಲಿ ಮಾಲ್ದೀವ್ಸ್ ತಂಡವನ್ನು ೩-೦ ಅಂತರದಿಂದ ಸೋಲಿಸಿದಾಗ ಅವರೂ ಒಂದು ಗೋಲು ಹೊಡೆದರು. ಆರು ದಿನಗಳ ಬಳಿಕ ಅಲ್ಲಿಯೇ ಏಷ್ಯಾ ಕಪ್ ಅರ್ಹತಾ ಪಂದ್ಯದಲ್ಲಿ ಬಾಂಗ್ಲಾದೇಶದೊಡನೆ ೦-೦. ಜೂನಿನಲ್ಲಿ ಹಾಂಗ್‌ಕಾಂಗಿಗೆ ೦-೧ರಿಂದ ಸೋಲು. ಅಕ್ಟೋಬರಿನಲ್ಲಿ ಸಿಂಗಪುರದಲ್ಲಿ ೧-೧. ೧೪ರಂದು ಮಡಗಾಂವಿಯಲ್ಲಿ ಅದೇ ಸಿಂಗಪುರಕ್ಕೆ ೧-೨. ಅಲ್ಲಿಗೆ ೨೦೨೭ರ ಏಷ್ಯಾ ಕಪ್ಪಿನ ಬಾಗಿಲು ಮುಚ್ಚಿತು.

ಈಗ ಎರಡೂ ಪಕ್ಷದವರು ಗಮನಿಸದೆ ಬಿಟ್ಟ ಒಂದು ಲೆಕ್ಕವನ್ನು ನೋಡಬೇಕು. ೨೦೨೪ರಲ್ಲಿ ಭಾರತ ತಂಡವು ಒಟ್ಟು ೧೧ ಅಂತರರಾಷ್ಟ್ರೀಯ ಪಂದ್ಯಗಳನ್ನಾಡಿತು, ಒಂದನ್ನೂ ಗೆಲ್ಲಲಿಲ್ಲ. ಅವುಗಳಲ್ಲಿ ಮೊದಲಿನ ೬ ಪಂದ್ಯಗಳಲ್ಲಿ ಛೇತ್ರಿಯವರು ಆಡಿದ್ದರು. ಆ ಆರರಲ್ಲಿ ತಂಡಕ್ಕೆ ದೊರೆತುದು ಒಂದೇ ಗೋಲು. ಗುವಾಹಾಟಿಯಲ್ಲಿ ಅಫಘಾನಿಸ್ತಾನದ ವಿರುದ್ಧ ಅವರು ಪೆನಾಲ್ಟಿಯಿಂದ ಹೊಡೆದುದು. ಅವರಿಲ್ಲದ ಉಳಿದ ೫ ಪಂದ್ಯಗಳಲ್ಲಿ ತಂಡವು ೩ ಗೋಲುಗಳನ್ನು ಹೊಡೆಯಿತು. ಅವುಗಳಲ್ಲಿ ಮಲೇಷ್ಯದ ವಿರುದ್ಧದ ಗೋಲನ್ನು ಗಳಿಸಿದವರು ರಕ್ಷಣಾಪಂಕ್ತಿಯ ರಾಹುಲ್ ಭೇಕೆ. ಅವನಿದ್ದರೆ ಗೆಲ್ಲುತ್ತೇವೆಂಬ ಮಾತನ್ನು ಈ ಅಂಕಿಗಳು ಸಮರ್ಥಿಸುವುದಿಲ್ಲ; ಅವನು ಹೋದರೆ ಹೊಸಬರು ಗೆಲ್ಲಿಸುತ್ತಾರೆಂಬ ಮಾತನ್ನೂ ಸಮರ್ಥಿಸುವುದಿಲ್ಲ. ವ್ಯಕ್ತಿಯು ಬಂದರೂ ಹೋದರೂ ಬದಲಾಗದೆ ಉಳಿದ ಕಾರಣವೊಂದು ಬೇರೆ ಇರಲೇಬೇಕು. ಅದನ್ನು ಕಾಣಲು ಸ್ವಲ್ಪ ಹಿಂದಕ್ಕೆ ಹೋಗುವುದು ಒಳ್ಳೆಯದು.

೩

೧೯೪೮ರ ಜುಲೈ ೩೧ರಂದು ಲಂಡನ್ ಒಲಿಂಪಿಕ್ಸಿನಲ್ಲಿ ಸ್ವತಂತ್ರ ಭಾರತದ ತಂಡವು ಫ್ರಾನ್ಸನ್ನು ಎದುರಿಸಿತು. ತಂಡದ ನಾಯಕರು ನಾಗಾ ಪ್ರದೇಶದ ತಾಲಿಮೆರೆನ್ ಆವೊ. ಆಟಗಾರರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದರು. ಫ್ರಾನ್ಸ್ ೨-೧ರಿಂದ ಗೆದ್ದಿತು. ಭಾರತದ ಏಕೈಕ ಗೋಲನ್ನು ಹೊಡೆದವರು ಮೈಸೂರು ಸಂಸ್ಥಾನದ ಸಾರಂಗಪಾಣಿ ರಾಮನ್. ಬೆಂಗಳೂರಿನ ಅಹಮದ್ ಖಾನರೂ ಆ ತಂಡದಲ್ಲಿದ್ದರು. ಅಂದಿನ ದಿನ ನಮ್ಮ ಈ ನಾಲ್ಕು ತಾಲ್ಲೂಕುಗಳ ಪ್ರದೇಶವು ಮೈಸೂರಿಗೆ ಸೇರಿರಲಿಲ್ಲ. ಮುಂಬಯಿ ಪ್ರಾಂತಕ್ಕೆ ಸೇರಿತ್ತು. ನವಾಬರ ಆಳ್ವಿಕೆಯ ಸವಣೂರು ಸಂಸ್ಥಾನವು ಅದೇ ವರ್ಷ ವಿಲೀನಗೊಂಡಿತ್ತು. ಆದುದರಿಂದ ರಾಮನ್, ಅಹಮದ್ ಖಾನ್ ಎಂಬ ಹೆಸರುಗಳು ನಮ್ಮ ಹಿರಿಯರ ನೆನಪಿನಲ್ಲಿ ಉಳಿಯದಿದ್ದುದು ಆಶ್ಚರ್ಯವಲ್ಲ.

ಆ ಪಂದ್ಯದಲ್ಲಿ ಭಾರತಕ್ಕೆ ಎರಡು ಪೆನಾಲ್ಟಿಗಳು ದೊರೆತಿದ್ದುವು; ಎರಡೂ ವ್ಯರ್ಥವಾದುವು. ಫ್ರಾನ್ಸಿನ ಎರಡನೆಯ ಗೋಲು ಬಂದುದು ಆಟ ಮುಗಿಯುವುದಕ್ಕೆ ಸ್ವಲ್ಪವೇ ಮೊದಲು. ಸೋಲಿನ ಅಂತರ ಇಷ್ಟು ಕಿರಿದಾಗಿದ್ದರೂ ಜನರ ನೆನಪಿನಲ್ಲಿ ಉಳಿದುದು ಬರಿಗಾಲು ಮಾತ್ರ. ಎರಡು ವರ್ಷಗಳಲ್ಲಿ ಆ ನೆನಪು ಒಂದು ಐತಿಹ್ಯವಾಗಿ ಬೆಳೆಯಿತು. ೧೯೫೦ರಲ್ಲಿ ಬ್ರೆಜಿಲಿನಲ್ಲಿ ನಡೆದ ವಿಶ್ವಕಪ್ಪಿಗೆ ಭಾರತವು, ಎದುರಾಳಿ ರಾಷ್ಟ್ರಗಳು ಹಿಂದೆ ಸರಿದ ಕಾರಣ, ಆಡದೆಯೇ ಅರ್ಹತೆ ಪಡೆದಿತ್ತು. ಇಟಲಿ, ಸ್ವೀಡನ್, ಪರಾಗ್ವೆಗಳೊಡನೆ ಒಂದೇ ಗುಂಪಿನಲ್ಲಿ ಅದಕ್ಕೆ ಸ್ಥಾನ ದೊರೆತಿತ್ತು. ಕೊನೆಗೆ ಭಾರತ ಹೋಗಲಿಲ್ಲ. ಬರಿಗಾಲಿನಲ್ಲಿ ಆಡಲು ಅನುಮತಿಯಿಲ್ಲದುದರಿಂದ ಹೋಗಲಿಲ್ಲವೆಂಬ ಕಥೆ ಇಂದಿಗೂ ಪ್ರಚಾರದಲ್ಲಿದೆ.

ಈ ಲೇಖಕನೂ ಕೆಲವು ವರ್ಷ ತರಗತಿಯಲ್ಲಿ ಈ ಕಥೆಯನ್ನು ಸತ್ಯವೆಂದೇ ಹೇಳಿದ್ದುಂಟು. ಕೇಳಲು ಸೊಗಸಾಗಿದೆ, ವಿದ್ಯಾರ್ಥಿಗಳು ನೆನಪಿಡುತ್ತಾರೆ ಎಂಬುದೇ ಅದಕ್ಕೆ ಕಾರಣ. ಅದು ತಪ್ಪಾಗಿತ್ತೆಂದು ಇಲ್ಲಿ ಒಪ್ಪಿಕೊಳ್ಳುವುದು ಕರ್ತವ್ಯ. ಈ ಕಥೆಯನ್ನು ಪರೀಕ್ಷಿಸಲು ಬಹು ದೂರ ಹೋಗಬೇಕಾಗಿಲ್ಲ. ೧೯೫೨ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿಯೂ ನಮ್ಮ ಆಟಗಾರರಲ್ಲಿ ಅನೇಕರು ಬರಿಗಾಲಿನಲ್ಲಿಯೇ ಆಡಿದರು. ೧೯೫೦ರಲ್ಲಿ ಬರಿಗಾಲೇ ಅಡ್ಡಿಯಾಗಿದ್ದರೆ ಎರಡು ವರ್ಷಗಳ ಬಳಿಕ ಅದು ಅಡ್ಡಿಯಾಗದೆ ಹೋದುದು ಹೇಗೆ? ತಂಡದ ಆಯ್ಕೆಯಲ್ಲಿನ ಭಿನ್ನಾಭಿಪ್ರಾಯ, ಅಭ್ಯಾಸಕ್ಕೆ ಸಮಯದ ಅಭಾವ, ಒಲಿಂಪಿಕ್ಸೇ ಶ್ರೇಷ್ಠವೆಂಬ ಅಂದಿನ ಆಡಳಿತಗಾರರ ನಂಬಿಕೆ, ದೀರ್ಘ ಪ್ರಯಾಣ ಇವೇ ಹೆಚ್ಚು ಸಂಭವನೀಯವಾದ ಕಾರಣಗಳು. ಆ ಕಾಲದ ಪ್ರಮುಖ ಆಟಗಾರರಾದ ಸೈಲೇನ್ ಮನ್ನಾ ಅವರು ಮುಂದೆ, ವಿಶ್ವಕಪ್ಪಿನ ಮಹತ್ತ್ವವು ತಮಗೆ ಆಗ ತಿಳಿದಿರಲಿಲ್ಲವೆಂದೂ ಒಲಿಂಪಿಕ್ಸೇ ತಮಗೆ ಸರ್ವಸ್ವವಾಗಿತ್ತೆಂದೂ ಹೇಳಿದುದು ಇದಕ್ಕೆ ಪೂರಕವಾಗಿದೆ. ಅಂದರೆ ಆಡಳಿತದ ವೈಫಲ್ಯವೊಂದು ಆಟಗಾರನ ಕಾಲಿನ ಮೇಲೆ ಹೊರಿಸಲ್ಪಟ್ಟಿತು.

ಹೆಲ್ಸಿಂಕಿಯಲ್ಲಿ ಭಾರತವು ಯುಗೋಸ್ಲಾವಿಯಕ್ಕೆ ೧-೧೦ರಿಂದ ಸೋತಿತು. ಆ ಒಂದು ಗೋಲನ್ನು ಹೊಡೆದವರು ಅಹಮದ್ ಖಾನ್. ಇವರ ಕೌಶಲವು ಸಾಮಾನ್ಯವಾದುದಲ್ಲ. ಕಲಕತ್ತೆಯ ಈಸ್ಟ್ ಬೆಂಗಾಲ್ ತಂಡದಲ್ಲಿ ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ ಇವರೊಡನೆ ಸೇರಿ ‘ಪಂಚಪಾಂಡವರು’ ಎಂದು ಪ್ರಖ್ಯಾತರಾದವರು. ೧೯೫೧ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನನ್ನು ೧-೦ರಿಂದ ಸೋಲಿಸಿ ಸ್ವರ್ಣಪದಕ ಪಡೆದ ತಂಡದಲ್ಲಿಯೂ ಅವರಿದ್ದರು. ಒಂದೇ ವರ್ಷದ ಅಂತರದಲ್ಲಿ ಅದೇ ಆಟಗಾರ ಸ್ವರ್ಣವನ್ನೂ ಕಂಡರು, ಹತ್ತು ಗೋಲುಗಳ ಸೋಲನ್ನೂ ಕಂಡರು. ಅವರ ಕಾಲಿನ ಚಾತುರ್ಯವು ಆ ಒಂದು ವರ್ಷದಲ್ಲಿ ಕುಗ್ಗಿರಲಿಲ್ಲ. ಎದುರಾಳಿಯ ಸಿದ್ಧತೆ ಬೇರೆಯಾಗಿತ್ತು. ಆ ಸೋಲಿನ ನಂತರವೇ ಭಾರತದಲ್ಲಿ ಬೂಟು ಧರಿಸಿ ಆಡುವುದು ಕಡ್ಡಾಯವಾಯಿತು. ಆಟಗಾರನನ್ನು ಬದಲಿಸುವುದರ ಬದಲು ಆಟದ ಕ್ರಮವನ್ನೇ ಬದಲಿಸಿದರು. ೧೯೫೬ರಲ್ಲಿ ಮೆಲ್ಬರ್ನಿನಲ್ಲಿ ಭಾರತ ನಾಲ್ಕನೆಯ ಸ್ಥಾನ ಪಡೆದುದನ್ನು ಈ ಬದಲಾವಣೆಯಿಂದ ಬೇರ್ಪಡಿಸಿ ನೋಡಲಾಗದು.

೪

ತಂಡವೇ ಮುಖ್ಯ, ವ್ಯಕ್ತಿಯು ಗೌಣ ಎಂದು ಇಷ್ಟರಿಂದಲೇ ತೀರ್ಮಾನಿಸುವುದು ಅವಸರವಾದೀತು. ವ್ಯಕ್ತಿಯಿಂದ ಪಂದ್ಯದ ಗತಿ ತಿರುಗಿದ ನಿದರ್ಶನಗಳೂ ಉಂಟು. ೧೯೬೨ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ ರಕ್ಷಣಾಪಂಕ್ತಿಯ ಜರ್ನೈಲ್ ಸಿಂಗರಿಗೆ ಥಾಯ್ಲೆಂಡಿನ ವಿರುದ್ಧ ಆಡುವಾಗ ತಲೆಗೆ ಗಾಯವಾಗಿ ಹೊಲಿಗೆ ಹಾಕಬೇಕಾಯಿತು. ತರಬೇತುದಾರರಾದ ಸೈಯದ್ ಅಬ್ದುಲ್ ರಹೀಮರು ಅವರನ್ನು ಕೈಬಿಡಲಿಲ್ಲ, ಹಿಂದಿನ ಸಾಲಿನಲ್ಲಿಯೂ ನಿಲ್ಲಿಸಲಿಲ್ಲ, ಮುಂಚೂಣಿಯಲ್ಲಿ ಆಡಿಸಿದರು. ಉಪಾಂತ್ಯ ಪಂದ್ಯದಲ್ಲಿಯೂ ಅಂತಿಮ ಪಂದ್ಯದಲ್ಲಿಯೂ ಜರ್ನೈಲರು ಗೋಲು ಹೊಡೆದರು. ದಕ್ಷಿಣ ಕೊರಿಯವನ್ನು ೨-೧ರಿಂದ ಸೋಲಿಸಿ ಭಾರತ ಸ್ವರ್ಣ ಪಡೆಯಿತು. ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಗಾಯಗೊಂಡವನು ಆಡಬೇಕೇ ಬಾರದೇ ಎಂಬ ಪ್ರಶ್ನೆಯನ್ನು ರಹೀಮರು ಕೇಳಿಕೊಂಡು ಅಲ್ಲಿಯೇ ನಿಲ್ಲಲಿಲ್ಲ. ಎಲ್ಲಿ ಆಡಬೇಕು, ಅವನ ಹಿಂದೆ ಯಾರಿರಬೇಕು ಎಂದು ಕೇಳಿಕೊಂಡರು. ಅದಕ್ಕೆ ಉತ್ತರ ಕೊಡಬಲ್ಲಷ್ಟು ಆಟಗಾರರು ಅವರ ಬಳಿಯಲ್ಲಿದ್ದರು.

ಹೊರದೇಶಗಳ ನಿದರ್ಶನಗಳೂ ಎರಡು ಬಗೆಯವು. ೧೯೯೦ರ ವಿಶ್ವಕಪ್ಪಿಗೆ ಕ್ಯಾಮರೂನಿನ ರೋಜೆ ಮಿಲಾ ನಿವೃತ್ತಿಯಿಂದ ಮರಳಿದಾಗ ಅವರಿಗೆ ೩೮ ವರ್ಷ. ರಾಷ್ಟ್ರಾಧ್ಯಕ್ಷರೇ ಅವರನ್ನು ಕರೆಸಿದ್ದರು. ಅವರು ನಾಲ್ಕು ಗೋಲು ಹೊಡೆದರು. ಕ್ಯಾಮರೂನ್ ಎಂಟರ ಘಟ್ಟಕ್ಕೇರಿತು. ಇದಕ್ಕೆ ವಿರುದ್ಧವಾಗಿ, ೨೦೦೨ರಲ್ಲಿ ಬ್ರೆಜಿಲಿನ ಜನರೆಲ್ಲ ರೊಮಾರಿಯೊ ಬೇಕೆಂದು ಕೂಗಿದರೂ ತರಬೇತುದಾರರಾದ ಸ್ಕೊಲಾರಿ ಅವರನ್ನು ಸೇರಿಸಿಕೊಳ್ಳಲಿಲ್ಲ; ಬ್ರೆಜಿಲ್ ವಿಶ್ವಕಪ್ಪನ್ನೇ ಗೆದ್ದಿತು. ಮಿಲಾರ ಉದಾಹರಣೆಯನ್ನು ಹಿಡಿದವರು ಒಂದು ಪಕ್ಷವನ್ನೂ ರೊಮಾರಿಯೊ ಉದಾಹರಣೆಯನ್ನು ಹಿಡಿದವರು ಇನ್ನೊಂದು ಪಕ್ಷವನ್ನೂ ಸಾಧಿಸಬಹುದು. ಆದರೆ ಸ್ಕೊಲಾರಿಯ ಬಳಿ ರೊನಾಲ್ಡೊ, ರಿವಾಲ್ಡೊ, ರೊನಾಲ್ಡಿನ್ಯೊ ಇದ್ದರೆಂಬುದನ್ನು ಮರೆಯಲಾಗದು. ತಾರೆಯನ್ನು ಬಿಟ್ಟುಕೊಡುವ ಧೈರ್ಯವು ಬೇರೆ ತಾರೆಗಳಿರುವವನಿಗೆ ಮಾತ್ರ ಸುಲಭ.

೫

ಹಾಗಾದರೆ ೨೦೨೪-೨೫ರಲ್ಲಿ ಭಾರತಕ್ಕೆ ಬೇರೆ ಮುಂಚೂಣಿಯ ಆಟಗಾರರು ಏಕೆ ಇರಲಿಲ್ಲ? ಇದೇ ನಿಜವಾದ ಐತಿಹಾಸಿಕ ಪ್ರಶ್ನೆ. ೨೦೧೪ರಲ್ಲಿ ಇಂಡಿಯನ್ ಸೂಪರ್ ಲೀಗ್ ಆರಂಭವಾದಾಗ ಪ್ರತಿಯೊಂದು ತಂಡದ ಹನ್ನೊಂದು ಮಂದಿಯಲ್ಲಿ ಆರು ಮಂದಿಯವರೆಗೆ ವಿದೇಶೀಯರು ಆಡಬಹುದಾಗಿತ್ತು. ೨೦೧೭-೧೮ರಲ್ಲಿ ಈ ಸಂಖ್ಯೆ ಐದಕ್ಕೂ ೨೦೨೧-೨೨ರಲ್ಲಿ ನಾಲ್ಕಕ್ಕೂ ಇಳಿಯಿತು. ವಿದೇಶೀಯರನ್ನು ಹಣಕೊಟ್ಟು ತರುವ ತಂಡವು ಅವರನ್ನು ಗೋಲು ಹೊಡೆಯುವ ಸ್ಥಾನದಲ್ಲಿಯೇ ನಿಲ್ಲಿಸಲು ಬಯಸುವುದು ಸಹಜ. ಬೆಂಗಳೂರು ತಂಡದಲ್ಲಿಯೇ ೨೦೧೭-೧೮ರಲ್ಲಿ ವೆನಿಜುವೆಲಾದ ಮಿಕು ನಡುವೆ ನಿಂತರೆ ಛೇತ್ರಿಯವರು ಎಡ ಅಂಚಿಗೆ ಸರಿದು ಆಡುತ್ತಿದ್ದರು. ರಾಷ್ಟ್ರದ ಅತಿ ದೊಡ್ಡ ಗೋಲುಗಾರನಿಗೇ ಹೀಗಾದಮೇಲೆ ಹದಿನೆಂಟರ ಹುಡುಗನ ಪಾಡೇನು? ಗೋಲಿನ ಎದುರು ನಿಂತು ಆಡುವುದನ್ನು ಅವನು ಕಲಿಯುವುದೆಲ್ಲಿ?

ಈ ಹಿನ್ನೆಲೆಯಲ್ಲಿ ಮತ್ತೊಂದು ಅಂಕಿಯನ್ನು ಓದಬೇಕು. ೨೦೨೪-೨೫ರ ಲೀಗಿನಲ್ಲಿ ಭಾರತೀಯರ ಪೈಕಿ ಅತಿ ಹೆಚ್ಚು ಗೋಲು ಗಳಿಸಿದವರು ಛೇತ್ರಿಯವರೇ, ೧೪ ಗೋಲುಗಳು. ಅಭಿಮಾನಿಗಳು ಇದನ್ನು ಅವರ ಮಹಿಮೆಯೆಂದು ಓದಿದರು. ಅದು ಸುಳ್ಳಲ್ಲ. ಆದರೆ ನಲವತ್ತು ವರ್ಷದವನನ್ನು ಮೀರಿಸಬಲ್ಲ ಒಬ್ಬ ಇಪ್ಪತ್ತೈದರ ತರುಣನೂ ಇಷ್ಟು ದೊಡ್ಡ ದೇಶದಲ್ಲಿ ಇರಲಿಲ್ಲವೆಂಬುದೂ ಅದೇ ಅಂಕಿಯ ಅರ್ಥ. ಆದುದರಿಂದ ಮಾರ್ಚಿನಲ್ಲಿ ಅವರನ್ನು ಕರೆದುದು ತರಬೇತುದಾರರ ದೃಷ್ಟಿಯಿಂದ ತಪ್ಪಾಗಿರಲಿಲ್ಲ. ಕರೆಯಬೇಕಾಗಿ ಬಂದ ಸ್ಥಿತಿಯೇ ತಪ್ಪಾಗಿತ್ತು.

ಕ್ಲಬ್ಬು ಮತ್ತು ರಾಷ್ಟ್ರಗಳ ನಡುವಣ ಘರ್ಷಣೆಯೂ ಇದರಲ್ಲಿ ಸೇರಿದೆ. ೨೦೨೩ರ ಸೆಪ್ಟೆಂಬರಿನಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟವೂ ಲೀಗಿನ ಆರಂಭವೂ ಒಂದೇ ವಾರದಲ್ಲಿ ಬಂದುವು. ಅನೇಕ ಕ್ಲಬ್ಬುಗಳು ತಮ್ಮ ಆಟಗಾರರನ್ನು ಬಿಟ್ಟುಕೊಡಲಿಲ್ಲ. ಹೇಗೋ ಒಟ್ಟುಗೂಡಿಸಿದ ತಂಡವು ಸರಿಯಾದ ಅಭ್ಯಾಸವೂ ವಿಶ್ರಾಂತಿಯೂ ಇಲ್ಲದೆ ಚೀನದ ವಿರುದ್ಧ ಕಣಕ್ಕಿಳಿದು ೧-೫ರಿಂದ ಸೋತಿತು. ಇಪ್ಪತ್ತನಾಲ್ಕು ವರ್ಷದೊಳಗಿನವರಿಗಾಗಿ ಏರ್ಪಟ್ಟ, ಮೂವರು ಹಿರಿಯರಿಗೆ ಮಾತ್ರ ಅವಕಾಶವಿದ್ದ ಆ ಕೂಟದಲ್ಲಿ ೩೯ರ ಛೇತ್ರಿಯವರು ಆಡಬೇಕಾಯಿತು. ಬಾಂಗ್ಲಾದೇಶದ ವಿರುದ್ಧದ ಏಕೈಕ ಗೋಲೂ ಮ್ಯಾನ್ಮಾರಿನ ವಿರುದ್ಧದ ಏಕೈಕ ಗೋಲೂ ಅವರ ಪೆನಾಲ್ಟಿಗಳಿಂದಲೇ ಬಂದುವು. ಅಂದೂ ವಾದ ನಡೆದುದು ಅವರ ವಯಸ್ಸಿನ ಮೇಲೆ. ಪಂಚಾಂಗವನ್ನು ಹಾಗೆ ಹೊಂದಿಸಿದವರ ಮೇಲಲ್ಲ. ೧೯೫೦ರಲ್ಲಿ ಬರಿಗಾಲು ವಹಿಸಿದ ಪಾತ್ರವನ್ನು ೨೦೨೩ರಲ್ಲಿ ವಯಸ್ಸು ವಹಿಸಿತೆಂದರೆ ಅತಿಶಯೋಕ್ತಿಯಾಗದು.

೬

ನಮ್ಮ ಭಾಗದ ತರುಣರು ಒಬ್ಬನನ್ನೇ ನೋಡುವುದಕ್ಕೆ ಸ್ಥಳೀಯವಾದ ಒಂದು ಕಾರಣವೂ ಇರಬಹುದು. ನಮ್ಮದು ಕುಸ್ತಿಯ ನಾಡು. ಜಾತ್ರೆಯ ಕಣದಲ್ಲಿ ಪೈಲವಾನನ ಸೋಲುಗೆಲವು ಅವನೊಬ್ಬನದೇ. ಅವನ ಬೆನ್ನಿಗೆ ಹತ್ತು ಜನರಿಲ್ಲ. ಆ ಕಣ್ಣಿನಿಂದ ಕಾಲ್ಚೆಂಡನ್ನು ನೋಡಿದಾಗ ಹನ್ನೊಂದು ಮಂದಿಯಲ್ಲಿ ಒಬ್ಬನೇ ಕಾಣುತ್ತಾನೆ. ೨೦೨೩ರ ಮಾರ್ಚ್ ೪ರಂದು ರಿಯಾದಿನಲ್ಲಿ ಕರ್ನಾಟಕವು ಮೇಘಾಲಯವನ್ನು ೩-೨ರಿಂದ ಸೋಲಿಸಿ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಮೈಸೂರು ಎಂಬ ಹೆಸರಿನಲ್ಲಿ ನಮ್ಮ ರಾಜ್ಯವು ಅದನ್ನು ಕೊನೆಯ ಬಾರಿ ಗೆದ್ದುದು ೧೯೬೮-೬೯ರಲ್ಲಿ. ಐವತ್ತನಾಲ್ಕು ವರ್ಷಗಳ ಬಳಿಕ ಬಂದ ಗೆಲವಿದು. ಛೇತ್ರಿಯವರ ವಿಷಯದಲ್ಲಿ ಗಂಟೆಗಟ್ಟಲೆ ವಾದಿಸಿದ ವಿದ್ಯಾರ್ಥಿಗಳನ್ನು ಆ ತಂಡದ ಇಬ್ಬರ ಹೆಸರು ಹೇಳಿರೆಂದು ಕೇಳಿದೆ. ಒಬ್ಬರೂ ಹೇಳಲಿಲ್ಲ. ನಾಳೆ ಛೇತ್ರಿಯವರ ಸ್ಥಾನಕ್ಕೆ ಬರಬೇಕಾದವರು ಇಂತಹ ತಂಡಗಳಿಂದಲೇ ಬರಬೇಕೆಂಬುದು ಅವರಿಗೆ ಹೊಳೆದಿರಲಿಲ್ಲ.

ಆದರೆ ಒಬ್ಬ ವೀರನನ್ನು ಹೇಗೆ ನೆನೆಯಬೇಕೆಂಬುದನ್ನು ನಮ್ಮ ನೆಲದವರೇ ಬಹು ಹಿಂದೆ ತೋರಿಸಿಕೊಟ್ಟಿದ್ದಾರೆ. ಹಾನಗಲ್ಲು ವೀರಗಲ್ಲುಗಳ ಊರು. ಅಲ್ಲಿಯ ತಾರಕೇಶ್ವರ ದೇವಾಲಯದ ಆವರಣದಲ್ಲಿ ಅವುಗಳನ್ನು ಇಂದಿಗೂ ಕಾಣಬಹುದು. ೧೧೯೬ರಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳನು ಪಾನುಂಗಲ್ಲಿಗೆ ಮುತ್ತಿಗೆ ಹಾಕಿದಾಗ ಕದಂಬ ಕಾಮದೇವನ ಪರವಾಗಿ ಸೋಹಣಿಯೆಂಬ ದಂಡನಾಯಕನು ಹೋರಾಡಿ ಮಡಿದ ಸಂಗತಿಯನ್ನು ನಾವು ತಿಳಿದಿರುವುದು ಇಂತಹ ಶಿಲಾಲೇಖನದಿಂದಲೇ. ಅಂದು ಹೊಯ್ಸಳ ಸೈನ್ಯವು ಹಿಮ್ಮೆಟ್ಟಿತಾದರೂ ಕಾಲಾನಂತರ ಈ ಪ್ರದೇಶವು ಹೊಯ್ಸಳರಿಗೇ ವಶವಾಯಿತು. ದಂಡನಾಯಕನೊಬ್ಬನ ಶೌರ್ಯವು ಒಂದು ದಿನದ ಯುದ್ಧವನ್ನು ಗೆದ್ದುಕೊಡಬಲ್ಲುದು, ರಾಜ್ಯವನ್ನು ಉಳಿಸಿಕೊಡಲಾರದು.

ವೀರಗಲ್ಲನ್ನು ಕೊರೆದವನು ವೀರನನ್ನು ದೊಡ್ಡದಾಗಿ ಕೊರೆದನು, ನಿಜ. ಆದರೆ ಅದರ ಬರಹದಲ್ಲಿ ಆಳುವ ಅರಸನಾರು, ಕಾಳಗ ಯಾವ ಕಾರಣಕ್ಕೆ ನಡೆಯಿತು, ಎದುರಾಳಿ ಯಾರು, ಕಾಲ ಯಾವುದು ಎಂಬುದನ್ನು ಹೇಳುವುದು ಸಾಮಾನ್ಯ ಪದ್ಧತಿ. ವೀರನನ್ನು ಅವನ ಸಂದರ್ಭದಿಂದ ಕಿತ್ತು ತೆಗೆಯಲಿಲ್ಲ. ಆ ಅಜ್ಞಾತ ಲಿಪಿಕಾರನಷ್ಟು ವಿವೇಕವನ್ನು ನಾವು ನಮ್ಮ ಕಾಲದ ವೀರರ ವಿಷಯದಲ್ಲಿ ತೋರಿದರೆ ಸಾಕು.

ಮೇಲ್ಕಂಡ ವಿವೇಚನೆಯಿಂದ ತಿಳಿಯುವುದಿಷ್ಟು. ಛೇತ್ರಿಯವರು ಆಡಬೇಕಾಗಿತ್ತೇ ಎಂಬ ಪ್ರಶ್ನೆಗೆ ಹೌದು ಎಂದರೂ ಅಲ್ಲ ಎಂದರೂ ಸೋಲಿನ ಕಾರಣ ತಿಳಿಯುವುದಿಲ್ಲ. ಅವರ ಹಿಂದೆ ಎಷ್ಟು ಮಂದಿ ಸಿದ್ಧರಾಗಿದ್ದರು, ಸಿದ್ಧರಾಗದಂತೆ ತಡೆದುದು ಏನು ಎಂದು ಕೇಳಿದಾಗ ಮಾತ್ರ ತಿಳಿಯುತ್ತದೆ. ಅಧ್ಯಾಪಕರಾದ ನಾವು ತರಗತಿಯಲ್ಲಿ ಅರಸರ ಹೆಸರುಗಳನ್ನು ಹೇಳಿ, ಅವರ ಭೂಕಂದಾಯವನ್ನೂ ಕೆರೆಗಳನ್ನೂ ಸೈನ್ಯದ ವ್ಯವಸ್ಥೆಯನ್ನೂ ಹೇಳದೆ ಬಿಟ್ಟಾಗ ಇದೇ ತಪ್ಪನ್ನು ಕಲಿಸುತ್ತಿರುತ್ತೇವೆ. ವಿದ್ಯಾರ್ಥಿಯು ಅದನ್ನೇ ಕಲಿತು ಆಟದ ಬಯಲಿಗೆ ಒಯ್ಯುತ್ತಾನೆ, ಮುಂದೆ ಮತಗಟ್ಟೆಗೂ ಒಯ್ಯುತ್ತಾನೆ. ಹಾನಗಲ್ಲಿನ ಅಥವಾ ಹಿರೇಕೆರೂರಿನ ಹುಡುಗನೊಬ್ಬನು ಇಂದು ಛೇತ್ರಿಯವರ ಹೆಸರನ್ನು ಅಂಗಿಯ ಬೆನ್ನ ಮೇಲೆ ಬರೆಸಿಕೊಂಡಿದ್ದಾನೆ. ಅವನಿಗೆ ಚೆಂಡು ಆಡಲು ಬಯಲೊಂದು, ಕಲಿಸಲು ಒಬ್ಬ ಗುರು, ಎದುರಿಸಲು ಒಂದು ತಂಡ ದೊರೆಯುವುದೇ ಎಂಬ ಪ್ರಶ್ನೆಯನ್ನು ಅವನೇ ಕೇಳುವಂತಾದರೆ ನಮ್ಮ ಪಾಠ ವ್ಯರ್ಥವಾಗಲಿಲ್ಲವೆಂದು ತಿಳಿಯಬಹುದು.